ಬಿಲ್ಲೆಯ ಅಂಚಿನಲ್ಲಿರುವ ಹೆಸರು

ನಮ್ಮ ಕಡೆ ಹಳೇ ಮನೆ ಬೀಳಿಸುವಾಗ ಎಲ್ಲಕ್ಕಿಂತ ಕೊನೆಯಲ್ಲಿ ಕೈ ಹಾಕೋದು ಅಟ್ಟಕ್ಕೆ. ಅಷ್ಟು ಹೊತ್ತಿಗೆ ಸೈಟಿನ ಅಳತೆ ಮುಗಿದಿರತ್ತೆ, ಅಣ್ಣತಮ್ಮಂದಿರ ಪಾಲುಪತ್ರಕ್ಕೆ ಸಹಿ ಬಿದ್ದಿರತ್ತೆ, ಬಿಲ್ಡರ್ ಅಡ್ವಾನ್ಸ್ ಕೊಟ್ಟಿರುತ್ತಾನೆ. ಜೆ.ಸಿ. ನಗರ, ಮುನಿರೆಡ್ಡಿ ಪಾಳ್ಯ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕ, ಯಾವ ಕಡೆ ಹೋದರೂ ಇದೇ ಕಥೆ. ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಕೆಳಗಿಳಿಯುತ್ತೆ. ಅದರಲ್ಲಿ ಹಿತ್ತಾಳೆ ಚೆಂಬು, ಹಳೇ ಪಹಣಿ, ಯಾರದೋ ಮದುವೆಯ ಲಗ್ನಪತ್ರಿಕೆ, ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದೆರಡು ಬಿಲ್ಲೆ. ರಾಜನ ತಲೆ ಇರುವ ಬಿಲ್ಲೆ. ಎಲ್ಲರೂ ಮೊದಲು ಅದನ್ನ ನಾಣ್ಯ ಅಂದುಕೊಳ್ಳುತ್ತಾರೆ. ನಾಣ್ಯಕ್ಕೆ ಕೊಂಡಿ ಇರಲ್ಲ ಅನ್ನೋದು ಆಮೇಲೆ ಹೊಳೆಯತ್ತೆ.

ಈ ಬರಹ ಆ ಕೊಂಡಿ ಇರುವ ಬಿಲ್ಲೆಗಳ ಬಗ್ಗೆ. ಸ್ವಲ್ಪ ಬ್ರಿಟಿಷರ ಮನೆಯೊಳಗಿನ ಕಥೆಯೂ ಬರುತ್ತೆ. ಅವರ ರಾಜರು, ವೈಸರಾಯ್‌ಗಳ ವಿಚಾರ ನಾವು ಶಾಲೆಯಲ್ಲೇ ಬೇಕಾದಷ್ಟು ಓದಿದ್ದೀವಿ. ಅವರ ಬಡವರ ಮನೆಯಲ್ಲಿ ಏನು ನಡೀತಾ ಇತ್ತು ಅನ್ನೋದನ್ನ ನಮಗೆ ಯಾರೂ ಹೇಳಿಕೊಡಲಿಲ್ಲ. ಆದರೆ ನಮ್ಮ ಟ್ರಂಕಿನ ವಸ್ತುವಿನ ಅರ್ಧ ಕಥೆ ಅಲ್ಲಿದೆ.

ಮೊದಲು ಬಿಲ್ಲೆ ಓದೋದು ಹೇಗೆ ಅಂತ ಹೇಳಿಬಿಡ್ತೀನಿ. ಒಂದನೇ ಮಹಾಯುದ್ಧದ ಬೆಳ್ಳಿಯ ಪದಕ ಸುಮಾರು 36 ಮಿಲಿಮೀಟರ್ ಅಗಲ, ಮೂವತ್ತು ಗ್ರಾಂ ಆಸುಪಾಸು ತೂಕ. ಒಂದು ಮುಖದಲ್ಲಿ ಐದನೇ ಜಾರ್ಜ್, ಇನ್ನೊಂದು ಮುಖದಲ್ಲಿ ಬರಿಮೈಯ ಕುದುರೆ ಸವಾರ, ಅವನ ಕುದುರೆಯ ಕಾಲ ಕೆಳಗೆ ಹದ್ದಿನ ಗುರುತಿನ ಗುರಾಣಿ. 1914, 1918 ಅಂತ ಇಸವಿ. ಇದು ಬ್ರಿಟಿಷ್ ವಾರ್ ಮೆಡಲ್. ಇದರ ಜೊತೆ ರೆಕ್ಕೆ ಇರುವ ದೇವತೆಯ ಕಂಚಿನ ಪದಕ ಇದ್ದರೆ ಅದು ವಿಕ್ಟರಿ ಮೆಡಲ್. ಅದರ ಹಿಂದೆ ನಾಗರಿಕತೆಗಾಗಿ ನಡೆದ ಮಹಾಯುದ್ಧ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಯಾರ ನಾಗರಿಕತೆ ಅಂತ ಬರೆದಿಲ್ಲ. ನಾಲ್ಕು ಮೂಲೆಯ ಕಂಚಿನ ನಕ್ಷತ್ರ, ಮೇಲೆ ಅಡ್ಡಡ್ಡ ಎರಡು ಕತ್ತಿ ಇದ್ದರೆ ಆ ಮನುಷ್ಯ 1915 ಮುಗಿಯುವ ಮೊದಲೇ ಯುದ್ಧಭೂಮಿ ತಲುಪಿದ್ದ ಅಂತ ಅರ್ಥ.

ಇನ್ನೂ ಒಂದಿದೆ. ಅದೇ ವಾರ್ ಮೆಡಲ್ ಬೆಳ್ಳಿಯ ಬದಲು ಕಂಚಿನದಾಗಿದ್ದರೆ? ಹೋದವನು ಬಂದೂಕು ಹಿಡಿದವನಲ್ಲ, ಲೇಬರ್ ಕೋರ್ ಸೇರಿ ಕೂಲಿಗೆ ಹೋದವನು. ಮೂಟೆ ಹೊತ್ತವನು, ರೈಲು ಹಳಿ ಹಾಕಿದವನು, ಹಡಗು ಇಳಿಸಿದವನು. ಬೆಳ್ಳಿಯದು ಸುಮಾರು 65 ಲಕ್ಷ ಹಂಚಿದರು, ಕಂಚಿನದು ಬರೀ 1 ಲಕ್ಷ 10 ಸಾವಿರ. ಚೀನಾದವರಿಗೆ, ಮಾಲ್ಟಾದವರಿಗೆ, ನಮ್ಮವರಿಗೆ. ರಾಜನ ತಲೆ ಒಂದೇ, ಅಚ್ಚು ಒಂದೇ, ಲೋಹ ಮಾತ್ರ ಬೇರೆ. ಪಂಕ್ತಿಭೇದ ಅಂದರೆ ಇದೇ ತಾನೇ!

ಆದರೆ ಬಹಳ ಜನ ನೋಡದೇ ಬಿಡೋದು ಮುಖಗಳನ್ನಲ್ಲ, ಅಂಚನ್ನ. ಬಿಲ್ಲೆಯನ್ನ ಅಡ್ಡ ಹಿಡಿದು ಬಿಸಿಲಿಗೆ ತಿರುಗಿಸಿ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ನಂಬರು, ಹುದ್ದೆ, ಹೆಸರು, ಪಡೆ. (ನಕ್ಷತ್ರದಲ್ಲಾದರೆ ಅಂಚಿನಲ್ಲಿ ಅಲ್ಲ, ಬೆನ್ನಿನ ಮೇಲೆ.) ಎಸ್‌ಡಬ್ಲ್ಯೂಆರ್ ಅಂತಿದ್ದರೆ ಸವಾರ. ಎಸ್‌ಪಿಆರ್ ಅಂದರೆ ಸ್ಯಾಪರ್, ಅಂದರೆ ಸೇತುವೆ ಕಟ್ಟೋ ಸುರಂಗ ತೋಡೋ ಪಡೆಯವನು. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಕಡೆಯಿಂದ ಹೋದವರ ಮನೆಗಳಲ್ಲಿ ಇದು ಸಿಗುತ್ತೆ. ಹೆಸರಿನ ಸ್ಪೆಲ್ಲಿಂಗ್ ಮಾತ್ರ ನಂಬಬೇಡಿ. ಭರ್ತಿ ಮಾಡಿಕೊಂಡ ಗುಮಾಸ್ತ ಕಿವಿಗೆ ಕೇಳಿದ ಹಾಗೆ ಬರೆದ, ಅದನ್ನ ನೋಡಿಕೊಂಡು ಟಂಕಸಾಲೆಯವನು ಒತ್ತಿದ. ನಮ್ಮ ಹೆಸರುಗಳು ಎರಡು ಕೈ ದಾಟಿದರೆ ಏನಾಗುತ್ತವೆ ಅಂತ ಆಧಾರ್ ಕಾರ್ಡ್ ಮಾಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಜೆ.ಸಿ. ನಗರದಲ್ಲಿ ಒಂದು ಕಲ್ಲಿನ ಸ್ಮಾರಕ ಇದೆ. ಮೈಸೂರು ಲ್ಯಾನ್ಸರ್ಸ್ ಪಡೆಯಲ್ಲಿ ಮಡಿದವರ ಹೆಸರು ಅದರ ಮೇಲಿದೆ. ಬಸ್ಸಿನಲ್ಲಿ ದಿನಾ ಅದರ ಮುಂದೆ ಹೋಗುವವರನ್ನ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ 'ಯಾವುದೋ ಹಳೇ ಕಂಬ' ಅಂತಾರೆ. ಆ ಪಡೆಯ ನೆಲೆ ಇದ್ದದ್ದೇ ಇಲ್ಲಿ ಮುನಿರೆಡ್ಡಿ ಪಾಳ್ಯದ ಕಡೆ. ಊರಿನ ನಕ್ಷೆಯಲ್ಲಿ ಇದೊಂದು ವಿಚಿತ್ರ ಜಾಗ. ಆ ಕಡೆಗೆ ಬ್ರಿಟಿಷರ ದಂಡು ಪ್ರದೇಶ, ರೆಸಿಡೆಂಟರ ಆಡಳಿತ. ಈ ಕಡೆಗೆ ಅರಮನೆ, ಮಹಾರಾಜರ ಸರ್ಕಾರ. ನಡುವಿನ ಸವಾರರು ಸಂಬಳ ತಗೊಳ್ಳೋದು ಮೈಸೂರಿನಿಂದ, ಹೋರಾಡಿದ್ದು ಲಂಡನ್ನಿಗಾಗಿ. ಇದಕ್ಕೆ ಇಂಪೀರಿಯಲ್ ಸರ್ವಿಸ್ ಅಂತ ಹೆಸರು. ಸಂಸ್ಥಾನದವರು ತಮ್ಮ ಖರ್ಚಿನಲ್ಲಿ ಸಾಕಿದ ಪಡೆಯನ್ನ ಚಕ್ರಾಧಿಪತ್ಯಕ್ಕೆ ಕಾಲಕ್ಕೆ ಒದಗಿಸೋ ವ್ಯವಸ್ಥೆ. 1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಈ ಪಡೆಯನ್ನೂ ಕಳಿಸಿದರು. ಆ ವರ್ಷವೇ ಕುದುರೆಗಳ ಸಮೇತ ಹಡಗು ಹತ್ತಿ ಈಜಿಪ್ಟಿಗೆ ಹೋದರು. ಸೂಯೆಜ್ ಕಾಲುವೆ ಕಾಯೋದು ಮೊದಲ ಕೆಲಸ.

ಆಮೇಲಿನದು ಗೊತ್ತಿರೋ ಕಥೆ, ಬೇಗ ಹೇಳಿ ಮುಂದೆ ಹೋಗ್ತೀನಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಏರಿ ಹೋದರು. ಎದುರಿಗೆ ತುರ್ಕರು, ಜರ್ಮನ್ನರು, ಮೆಷಿನ್ ಗನ್ನು, ಬೆಟ್ಟದ ಮೇಲೆ ಫಿರಂಗಿ. ಇವರ ಕೈಯಲ್ಲಿ ಭರ್ಜಿ ಮತ್ತು ಕತ್ತಿ. ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸೋ ಕೆಲಸ. ಸಂಜೆಯ ಹೊತ್ತಿಗೆ ಪಟ್ಟಣ ಕೈಗೆ ಬಂತು, 1,350 ಸೆರೆಯಾಳುಗಳು, 17 ಫಿರಂಗಿ. ಬ್ರಿಗೇಡಿನಲ್ಲಿ ಸತ್ತವರು 8 ಜನ, ಗಾಯಾಳುಗಳು 34. ಕುದುರೆಗಳು ಸತ್ತದ್ದು 60. ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ತಿಂಗಳು ಕಳೆದು ಅಕ್ಟೋಬರ್ 26ರಂದು ಅಲೆಪ್ಪೊ ಹತ್ತಿರದ ಹಾರಿತಾನ್‌ನಲ್ಲಿ ಇದೇ ಎರಡು ಪಡೆಗಳು ಮತ್ತೆ ಏರಿ ಹೋದವು. ಅಲ್ಲಿ ಇಷ್ಟು ಸುಲಭ ಆಗಲಿಲ್ಲ. ನಾಲ್ಕೈದು ದಿನಕ್ಕೆ ತುರ್ಕರ ಜೊತೆ ಕದನವಿರಾಮ. ಅಷ್ಟು ಕಾಲ ಬದುಕಿದ್ದು ಕೊನೆಯ ವಾರದಲ್ಲಿ ಸತ್ತರು ಅಂದರೆ ಮನೆಯವರು ಹೇಗೆ ತಡೆದುಕೊಂಡರೋ.

ಇಲ್ಲಿ ಒಂದು ಮಾತು. ಅದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಇನ್‌ಫ್ಲುಯೆಂಜಾ ಜ್ವರ ಹರಡಿತ್ತು. ಭರ್ಜಿ ಹಿಡಿದವನು ಹೈಫಾದಲ್ಲಿ ಬದುಕಿ ಉಳಿದು, ಮನೆಯಲ್ಲಿದ್ದವರು ಜ್ವರಕ್ಕೆ ಹೋಗಿರೋ ಸಾಧ್ಯತೆ ಕಡಿಮೆ ಏನಿರಲಿಲ್ಲ. ಸ್ಮಾರಕದ ಕಲ್ಲುಗಳಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಇರೋದಕ್ಕೆ ಅವರೇನು ಯುದ್ಧಕ್ಕೆ ಹೋದವರೇ?

ದೆಹಲಿಯ ತೀನ್ ಮೂರ್ತಿ ನಿಮಗೆ ಗೊತ್ತು. 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು, ಇನ್ನಿಬ್ಬರು ಹೈದರಾಬಾದು, ಜೋಧಪುರದವರು. 2018ರಿಂದ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರು. ಪಡೆ ಮಾತ್ರ ಇಲ್ಲ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನ ಸೇರಿಸಿ 1953ರಲ್ಲಿ 61ನೇ ಕ್ಯಾವಲ್ರಿ ಮಾಡಿದರು, ಮೈಸೂರಿನವರು ಅದರಲ್ಲಿ ಕರಗಿಹೋದರು. ಉಳಿದದ್ದು ಕಂಬ, ಮತ್ತು ಟ್ರಂಕುಗಳು.

ಈಗ ಬ್ರಿಟನ್ನಿಗೆ ಬನ್ನಿ.

ಯುದ್ಧದಲ್ಲಿ ಸತ್ತವರ ಹೆಣ ಊರಿಗೆ ತರೋ ಹಾಗಿಲ್ಲ ಅಂತ 1915ರಲ್ಲೇ ಅಲ್ಲಿ ತೀರ್ಮಾನ ಆಯಿತು. ದುಡ್ಡಿದ್ದವರು ತಮ್ಮ ಮಗನನ್ನ ಮಾತ್ರ ತರಿಸಿಕೊಂಡರೆ ಬಡವರು ಏನು ಮಾಡಬೇಕು ಅನ್ನೋ ವಾದ. ತಾಯಂದಿರು ಅರ್ಜಿ ಬರೆದರು, ಅತ್ತರು, ಜಗಳ ಆಡಿದರು. ಆಗಲಿಲ್ಲ. ಹಾಗಾಗಿ ಲಕ್ಷಾಂತರ ಮನೆಗಳಲ್ಲಿ ಸಾವಿದೆ, ಹೆಣ ಇಲ್ಲ, ಗೋರಿ ಇಲ್ಲ. ಕೈಯಲ್ಲಿ ಹಿಡಿಯೋಕೆ ಏನಾದರೂ ಕೊಡಬೇಕಲ್ಲ ಅಂತ ಸರ್ಕಾರ ಒಂದು ಸ್ಪರ್ಧೆ ಇಟ್ಟಿತು. 800ಕ್ಕೂ ಹೆಚ್ಚು ನಮೂನೆ ಬಂದವು. ಲಿವರ್‌ಪೂಲಿನ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ ಎಂಬ ಶಿಲ್ಪಿ ಗೆದ್ದ, 250 ಪೌಂಡ್ ಬಹುಮಾನ. ಅವನು ಮಾಡಿದ್ದು ಹನ್ನೆರಡು ಸೆಂಟಿಮೀಟರ್ ಅಗಲದ ಕಂಚಿನ ಫಲಕ, ಹೆಚ್ಚೂಕಮ್ಮಿ ನಮ್ಮ ಚಿಕ್ಕ ಆರತಿ ತಟ್ಟೆಯಷ್ಟು. ಹಾರ ಹಿಡಿದ ಬ್ರಿಟಾನಿಯಾ, ಪಕ್ಕದಲ್ಲಿ ಸಿಂಹ, ಎರಡು ಡಾಲ್ಫಿನ್, ಕೆಳಗೆ ಹದ್ದನ್ನ ಸೀಳುತ್ತಿರೋ ಇನ್ನೊಂದು ಸಿಂಹ. ಸ್ವಾತಂತ್ರ್ಯ ಮತ್ತು ಗೌರವಕ್ಕಾಗಿ ಮಡಿದ ಎಂಬ ಬರಹ. ಚೌಕಟ್ಟಿನಲ್ಲಿ ಸತ್ತವನ ಹೆಸರು. ಇಲ್ಲಿ ಹುದ್ದೆ ಇಲ್ಲ. ಕರ್ನಲ್ ಆದರೂ ಒಂದೇ, ಕುದುರೆಗೆ ಹುಲ್ಲು ಹಾಕಿದವನಾದರೂ ಒಂದೇ. ಸುಮಾರು ಹದಿಮೂರೂವರೆ ಲಕ್ಷ ಫಲಕ ಎರಕ ಹೊಯ್ದರು. ಭಾರತೀಯ ಸೈನಿಕರ ಮನೆಗಳಿಗೂ ಬಂತು.

ಅಲ್ಲಿಯ ಜನ ಅದಕ್ಕೆ ಇಟ್ಟ ಹೆಸರು 'ಸತ್ತವನ ಪೆನ್ನಿ'. ಆಗಿನ ಒಂದು ಪೆನ್ನಿ ಕಾಸಿನ ಮೇಲೂ ಬ್ರಿಟಾನಿಯಾ ಇದ್ದಳು, ಬಣ್ಣವೂ ಅದೇ. ಮಗನ ಜೀವಕ್ಕೆ ಒಂದು ಕಾಸು ಕೊಟ್ಟರು ಅನ್ನೋ ಕಹಿ ಆ ಹೆಸರಿನಲ್ಲಿದೆ. ಒಂದು ರಟ್ಟಿನ ಲಕೋಟೆಯಲ್ಲಿ ಅಂಚೆಯವನು ತಂದು ಕೊಟ್ಟುಹೋಗೋನು. ಕೆಲವರು ಗೋಡೆಗೆ ತೂಗುಹಾಕಿದರು. ಕೆಲವರು ವಾರ ವಾರ ತಿಕ್ಕಿ ತಿಕ್ಕಿ ಹೆಸರೇ ಸವೆದುಹೋಗೋ ಹಾಗೆ ಮಾಡಿದರು. ಕೆಲವರು ಸರ್ಕಾರಕ್ಕೆ ವಾಪಸ್ ಕಳಿಸಿದರು. ಬದುಕಿ ಬಂದವರ ಮೂರು ಪದಕಗಳಿಗಂತೂ ಬೇರೆಯದೇ ಹೆಸರು, ಪಿಪ್, ಸ್ಕ್ವೀಕ್, ವಿಲ್ಫ್ರೆಡ್. ಡೈಲಿ ಮಿರರ್ ಪತ್ರಿಕೆಯಲ್ಲಿ 1919ರಲ್ಲಿ ಶುರುವಾದ ಮಕ್ಕಳ ಚಿತ್ರಕಥೆಯ ನಾಯಿ, ಪೆಂಗ್ವಿನ್, ಮೊಲದ ಹೆಸರುಗಳು ಅವು. ಪದಕದ ಮೇಲೆ ಅಷ್ಟು ಗೌರವ! ಕೆಲಸ ಇಲ್ಲದೆ ಬೀದಿಯಲ್ಲಿ ಬೆಂಕಿಪೊಟ್ಟಣ ಮಾರುವವನ ಎದೆಯ ಮೇಲೆ ಆ ಮೂರೂ ತೂಗಾಡುವುದನ್ನ ಲಂಡನ್ನಿನವರು ದಿನಾ ನೋಡುತ್ತಿದ್ದರು.

ಇನ್ನು ಹೆಂಡತಿಯರ ಪಾಡು. ಇದು ನನಗೆ ಓದಿದಾಗ ನಿಜಕ್ಕೂ ಸಿಟ್ಟು ಬಂದ ಭಾಗ. ಗಂಡ ಯುದ್ಧಕ್ಕೆ ಹೋದರೆ ಹೆಂಡತಿಗೆ ಭತ್ಯೆ ಇತ್ತು. 1914ರ ಅಕ್ಟೋಬರಿನಲ್ಲೇ, ಅಂದರೆ ಯುದ್ಧ ಶುರುವಾಗಿ ಮೂರು ತಿಂಗಳೂ ಆಗಿರಲಿಲ್ಲ, ಸೈನಿಕರ ಹೆಂಡತಿಯರ ನಡತೆ ಮೇಲೆ ಪೊಲೀಸರು ಕಣ್ಣಿಡಬೇಕು ಅಂತ ಸುತ್ತೋಲೆ ಹೊರಟಿತು. ಕುಡಿಯುತ್ತಾಳೆ, ಇನ್ನೊಬ್ಬನ ಜೊತೆ ಓಡಾಡುತ್ತಾಳೆ ಅಂತ ಅಕ್ಕಪಕ್ಕದವರು ದೂರು ಕೊಟ್ಟರೆ ಭತ್ಯೆ ನಿಲ್ಲಬಹುದು. ಗಂಡ ಸತ್ತ ಮೇಲೆ ಪಿಂಚಣಿಗೂ ಅದೇ ನಿಯಮ. ವಿಧವೆಯರ ನಡತೆ ವಿಚಾರಿಸೋಕೆ ಸಮಿತಿಗಳಿದ್ದವು. ಮತ್ತೆ ಮದುವೆಯಾದರೆ ಪಿಂಚಣಿ ಬಂದ್, ಒಂದಿಷ್ಟು ಗಂಟು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮ ಕಡೆ ವಿಧವೆಯರ ಸ್ಥಿತಿ ನೋಡಿ ಅನಾಗರಿಕರು ಅಂತ ಪುಸ್ತಕ ಬರೆದವರ ಊರಿನಲ್ಲಿ ಇದು ನಡೆಯುತ್ತಿತ್ತು. ನಮ್ಮಲ್ಲಿ ಎಷ್ಟೋ ಜಾತಿಗಳಲ್ಲಿ ಕೂಡಾವಳಿ ಇತ್ತು, ಗಂಡ ಸತ್ತವಳು ಇನ್ನೊಬ್ಬನ ಮನೆ ಸೇರಬಹುದಿತ್ತು. ಹಾಗಂತ ನಮ್ಮದೇ ಮೇಲು ಅಂತ ಹೇಳೋಕೆ ಹೊರಟಿಲ್ಲ. ಬೇರೆ ಎಷ್ಟೋ ಮನೆಗಳಲ್ಲಿ ನಡುಮನೆಯ ಕತ್ತಲಲ್ಲಿ ಕೂರಿಸಿದ ವಿಧವೆಯರ ಕಥೆ ನಿಮ್ಮ ಅಜ್ಜಿಯೇ ಹೇಳಿರುತ್ತಾರೆ.

ಜೆ.ಸಿ. ನಗರದ ದೊಡ್ಡಮ್ಮ ಒಬ್ಬರು ನನಗೆ ಪರಿಚಯ. ಅವರ ಮಾವನ ಅಪ್ಪನ ಬಿಲ್ಲೆ ಅವರ ಹತ್ತಿರ ಇದೆ. ಪಟ್ಟಿ ಯಾವತ್ತೋ ಹರಿದುಹೋಗಿ ಕಪ್ಪು ದಾರ ಬಂದಿದೆ. ಮನೆಯ ಮಕ್ಕಳಿಗೆ ಜ್ವರ ಬಂದರೆ ಅದನ್ನ ಕೊರಳಿಗೆ ಕಟ್ಟುತ್ತಿದ್ದರಂತೆ.

'ಯುದ್ಧದಿಂದ ಬದುಕಿ ಬಂದವರ ಬಿಲ್ಲೆ ಕಣಪ್ಪಾ, ಮಗೂಗೂ ಏನೂ ಆಗಲ್ಲ' ಅಂದರು.

ಮೊಮ್ಮಗ ಅಲ್ಲೇ ಕೂತಿದ್ದ. 'ಅಜ್ಜಿ, ಇದಕ್ಕೆ ಎಷ್ಟು ಬರತ್ತೆ?' ಅಂತ ಕೇಳಿದ. ತಪ್ಪಾಗಿ ಏನೂ ಕೇಳಲಿಲ್ಲ. ಎಲ್ಲರೂ ಕೇಳೋದು ಅದನ್ನೇ. ಬೆಳ್ಳಿ ಅಂಗಡಿಗೆ ಹೋದರೆ ಮೂವತ್ತು ಗ್ರಾಂ ಬೆಳ್ಳಿಯ ರೇಟು ಸಿಗುತ್ತೆ, ಅಷ್ಟೆ. ಕರಗಿಸುವವನಿಗೆ ಅಂಚು ಓದೋ ಪುರುಸೊತ್ತಿಲ್ಲ.

ಇದು ಬ್ರಿಟನ್ನಿನಲ್ಲೇ ಆಗಿಹೋಗಿದೆ. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಹುಚ್ಚೆದ್ದು ಏರಿತು. ಒಂದು ವರ್ಷದ ಹಿಂದೆ ಔನ್ಸಿಗೆ ಆರು ಡಾಲರ್ ಇದ್ದದ್ದು ಐವತ್ತರ ಹತ್ತಿರ ಹೋಯಿತು. ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನೆಲ್ಲ ಕೊಂಡು ಕೂಡಿಹಾಕಿದ್ದರಿಂದ ಆದದ್ದು. ಆಗ ಇಂಗ್ಲೆಂಡಿನ ಎಷ್ಟೋ ಮನೆಗಳವರು ತಾತನ ವಾರ್ ಮೆಡಲನ್ನ ಕುಲುಮೆಗೆ ಹಾಕಿದರು. ಇವತ್ತು ಅಲ್ಲಿನ ಸಂಗ್ರಹಕಾರರ ಹತ್ತಿರ ಕಂಚಿನ ವಿಕ್ಟರಿ ಮೆಡಲ್ ಒಂಟಿಯಾಗಿ ಸಿಗುತ್ತೆ, ಬೆಳ್ಳಿಯ ಜೋಡಿ ಇರಲ್ಲ. ಟೆಕ್ಸಾಸಿನ ಸಾಹುಕಾರರ ದುರಾಸೆಗೂ ಇಂಗ್ಲೆಂಡಿನ ಗಣಿ ಕೆಲಸಗಾರನ ಮೊಮ್ಮಗನ ಕಪಾಟಿಗೂ ಇಂಥ ನಂಟು.

ಅವರಿಗೆ ಅದು ಯಾಕೆ ದೊಡ್ಡ ನಷ್ಟ ಅಂದರೆ ಕಾಗದಪತ್ರವೂ ಇಲ್ಲ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಲಂಡನ್ನಿನ ಒಂದು ಉಗ್ರಾಣದಲ್ಲಿದ್ದ ಒಂದನೇ ಮಹಾಯುದ್ಧದ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಹಾಗಾಗಿ ಎಷ್ಟೋ ಜನರ ಪಾಲಿಗೆ ತಾತ ಯಾವ ಪಡೆಯಲ್ಲಿದ್ದ ಅನ್ನೋದಕ್ಕೆ ಸುಲಭದ ಸುಳಿವು ಆ ಅಂಚು. ಎರಡನೇ ಮಹಾಯುದ್ಧಕ್ಕೆ ಬರೋ ಹೊತ್ತಿಗೆ ಬ್ರಿಟಿಷರು ತಮ್ಮವರಿಗೆ ಕೊಟ್ಟ ಪದಕಗಳ ಮೇಲೆ ಹೆಸರು ಒತ್ತಿಸೋದನ್ನೇ ಬಿಟ್ಟರು, ಖರ್ಚು ಉಳಿಸೋಕೆ. ಪಂಜಾಬಿನವರ ಅದೃಷ್ಟ ಬೇರೆ. ಯುದ್ಧಕ್ಕೆ ಹೋದ 3 ಲಕ್ಷ 20 ಸಾವಿರ ಜನರ ಊರು, ಹೆಸರು ಬರೆದಿಟ್ಟ ದಫ್ತರಗಳು ಲಾಹೋರಿನ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಸಿಕ್ಕು, 2021ರಿಂದ ಎಲ್ಲರಿಗೂ ನೋಡೋಕೆ ಸಿಗುತ್ತಿವೆ. ಲಂಡನ್ನಿನಲ್ಲಿರೋ ಸರ್ದಾರ್ಜಿ ತನ್ನ ಮುತ್ತಜ್ಜನ ಹಳ್ಳಿಯ ಪುಟ ತೆಗೆದು ನೋಡಬಹುದು. ಮುನಿರೆಡ್ಡಿ ಪಾಳ್ಯದ ಮೊಮ್ಮಗನಿಗೆ ಇರೋದು ಕೈಯಲ್ಲಿರೋ ಬಿಲ್ಲೆ.

ಸತ್ತವರಲ್ಲಿ ಎಲ್ಲರೂ ಸಮಾನರು ಅಂತ ಹೇಳಿದ್ದರಲ್ಲ, ಅದರ ಕಥೆಯೂ ಕೇಳಿ. ಯುದ್ಧ ಗೋರಿಗಳ ಆಯೋಗ 1917ರಲ್ಲಿ ಶುರುವಾದದ್ದೇ ಆ ಮಾತಿನ ಮೇಲೆ. ಪ್ರತಿಯೊಬ್ಬನಿಗೂ ಕಲ್ಲಿನ ಮೇಲೆ ಅವನ ಹೆಸರು. ನೂರು ವರ್ಷ ಕಳೆದ ಮೇಲೆ, 2021ರ ಏಪ್ರಿಲ್‌ನಲ್ಲಿ ಅದೇ ಆಯೋಗ ತನಿಖೆಯ ವರದಿ ಹೊರಗಿಟ್ಟಿತು. ಏಷ್ಯಾ, ಆಫ್ರಿಕಾದ ಕನಿಷ್ಠ 1 ಲಕ್ಷ 16 ಸಾವಿರ ಜನರಿಗೆ, ಬಹುಶಃ ಮೂರೂವರೆ ಲಕ್ಷದವರೆಗೂ, ಹೆಸರಿನ ಗುರುತೇ ಇಲ್ಲ ಅಥವಾ ಸ್ಮಾರಕವೇ ಇಲ್ಲ ಅಂತ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಈ ಜನಕ್ಕೆ ಹೆಸರು ಕೆತ್ತಿದ ಕಲ್ಲಿನ ಬೆಲೆ ಗೊತ್ತಾಗಲ್ಲ ಅಂತ ಆಗಿನ ಅಧಿಕಾರಿಗಳಲ್ಲಿ ಕೆಲವರು ನಂಬಿದ್ದರಂತೆ.

ಹೆಸರು ಕೆತ್ತಿದ ಕಲ್ಲಿನ ಬೆಲೆ ಗೊತ್ತಿಲ್ಲವೇ! ಜೆ.ಸಿ. ನಗರದಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳಕ್ಕೆ ಬನ್ನಿ. 2018ರಲ್ಲಿ ಅಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಾಷ್ಟ್ರಕೂಟರ ದಂಡು ಈ ಸೀಮೆಯ ಮೇಲೆ ಬಂದಾಗ ಎದುರಿಸಿ ಸತ್ತ ಕಿತ್ತಯ್ಯ ಅನ್ನೋನ ಕಲ್ಲು ಅದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು ಅಂತಾರೆ ತಿಳಿದವರು. ಅಂದರೆ ಈ ಊರಿನ ಬಗ್ಗೆ ಕನ್ನಡದಲ್ಲಿ ಸಿಗೋ ಅತಿ ಹಳೇ ಬರವಣಿಗೆಗಳಲ್ಲೊಂದು ರಾಜನ ಹೊಗಳಿಕೆಗೆ ಹುಟ್ಟಿದ್ದಲ್ಲ, ಸತ್ತ ಒಬ್ಬ ಆಳಿನ ಹೆಸರು ಉಳಿಸೋಕೆ ಹುಟ್ಟಿದ್ದು. ಕಾರ್ಟರ್ ಪ್ರೆಸ್ಟನ್ ಬಹುಮಾನ ಗೆಲ್ಲೋಕೆ ಸಾವಿರದ ನೂರು ವರ್ಷ ಚಿಲ್ಲರೆ ಮುಂಚೆ ನಮ್ಮ ಕಲ್ಲುಕುಟಿಗ ಅದೇ ಕೆಲಸ ಮಾಡಿ ಮುಗಿಸಿದ್ದ. ಇನ್ನೊಂದು ವ್ಯತ್ಯಾಸ ಇದೆ. ವೀರಗಲ್ಲುಗಳ ಜೊತೆ ಎಷ್ಟೋ ಕಡೆ ಸತ್ತವನ ಮನೆಯವರಿಗೆ ಜಮೀನು ಬಿಡುತ್ತಿದ್ದರು. ನೆತ್ತರುಕೊಡಗೆ ಅಂತ ಅದಕ್ಕೆ ಹೆಸರು. ಅವನ ಹೆಂಡತಿ ಯಾರ ಜೊತೆ ಮಾತಾಡಿದಳು ಅಂತ ಸಮಿತಿ ಕೂತು ವಿಚಾರಿಸಿದ ಶಾಸನ ನಾನಂತೂ ಓದಿಲ್ಲ.

ಮೈಸೂರಿನವರು ಹೋರಾಡಿದ ಕಡೆ ಸತ್ತ ಭಾರತೀಯರಿಗಾಗಿ ಸೂಯೆಜ್ ಹತ್ತಿರದ ಪೋರ್ಟ್ ತೌಫೀಕ್‌ನಲ್ಲಿ 1926ರಲ್ಲಿ ಒಂದು ಸ್ಮಾರಕ ಕಟ್ಟಿದರು. 1967ರ ನಂತರ ಈಜಿಪ್ಟ್, ಇಸ್ರೇಲಿನ ಕಾದಾಟದಲ್ಲಿ ಅದು ನುಚ್ಚುನೂರಾಯಿತು. ಕೊನೆಗೆ 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಹೆಸರಿನ ಹಲಗೆಗಳನ್ನ ಮತ್ತೆ ಹಾಕಿಸಿದರು, ಹತ್ತಿರ ಹತ್ತಿರ 4 ಸಾವಿರ ಹೆಸರು. ಯುದ್ಧದಲ್ಲಿ ಸತ್ತವರ ಹೆಸರೂ ಇನ್ನೊಂದು ಯುದ್ಧದಲ್ಲಿ ಸತ್ತು ಹುಟ್ಟಿತು. ಹೈಫಾದಲ್ಲಿ ಭಾರತೀಯರ ಸ್ಮಶಾನ ಬೇರೆ ಇದೆ. ಆಯೋಗದ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ. ಒಂದೇ ಹೆಸರನ್ನ ನಾಲ್ಕು ಥರ ಬರೆದು ಹುಡುಕಿ.

ನಮ್ಮ ಮನೇಲಿ ಯಾರೂ ಯುದ್ಧಕ್ಕೆ ಹೋಗಿಲ್ಲ ಅಂತ ಪುಟ ತಿರುಗಿಸಬೇಡಿ. ಅಜ್ಜಿಯ ಕಾಸಿನ ಸರ ಇದೆಯಾ? ಅದರಲ್ಲಿ ಲಕ್ಷ್ಮಿ ಕಾಸಿನ ಮಧ್ಯೆ ಕುದುರೆ ಸವಾರನ ಛಾಪಿನ ಬಂಗಾರದ ಕಾಸು ಏನಾದರೂ ಇದ್ದರೆ ಅದು ಇಂಗ್ಲಿಷ್ ಸವರನ್. ತೂಕ 7.98 ಗ್ರಾಂ, 22 ಕ್ಯಾರೆಟ್. ಅವೆನ್ಯೂ ರಸ್ತೆಯ ಚಿನ್ನದ ಅಂಗಡಿಯವನು ಇವತ್ತಿಗೂ 'ಒಂದು ಸವರನ್' ಅಂದರೆ ಎಂಟು ಗ್ರಾಂ ತೂಗಿ ಕೊಡೋದು ಇದೇ ಲೆಕ್ಕಕ್ಕೆ. ಒಂದು ಕಾಲಕ್ಕೆ 15 ರೂಪಾಯಿಗೆ ಒಂದು ಸವರನ್ ಅಂತ ಸರ್ಕಾರಿ ದರ. 1914ರ ಆಗಸ್ಟಿನಲ್ಲಿ ಬ್ರಿಟನ್ನಿನ ಜನರ ಕೈಯಿಂದ ಈ ಕಾಸು ಮಾಯವಾಯಿತು. ಬಂಗಾರ ಬ್ಯಾಂಕಿಗೆ ಕೊಡೋದು ದೇಶಸೇವೆ, ಇಟ್ಟುಕೊಳ್ಳೋದು ದ್ರೋಹ ಅನ್ನೋ ಹಾಗೆ ಪ್ರಚಾರ. ಬದಲಿಗೆ ಕಾಗದದ ನೋಟು ಬಂತು. ಅದರ ಮೇಲೆ ಸಹಿ ಹಾಕಿದ ಅಧಿಕಾರಿಯ ಹೆಸರಿನಲ್ಲಿ ಅದಕ್ಕೆ 'ಬ್ರಾಡ್‌ಬರಿ' ಅಂತ ಅಡ್ಡಹೆಸರು. ಇಂಗ್ಲೆಂಡಿನ ಅಜ್ಜಿಯರ ಕೈಗೆ ಕಾಗದ ಬಂದ ಆ ಕಾಲದಲ್ಲೇ, 1918ರಲ್ಲಿ, ಬೊಂಬಾಯಿಯ ಟಂಕಸಾಲೆಯಲ್ಲಿ ಸುಮಾರು 13 ಲಕ್ಷ ಸವರನ್ ಒತ್ತಿದರು. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದಲ್ಲಿ ಇಂಗ್ಲಿಷ್ ಸವರನ್ ಅಚ್ಚು ಹಾಕಿದ್ದು ಅದೊಂದೇ ವರ್ಷ. ಕುದುರೆಯ ಕಾಲಡಿ ಇಸವಿಯ ಹತ್ತಿರ ಐ ಅನ್ನೋ ಸಣ್ಣ ಇಂಗ್ಲಿಷ್ ಅಕ್ಷರ ಕಂಡರೆ ಆ ಕಾಸು ಲಂಡನ್ ನೋಡಿಯೇ ಇಲ್ಲ. 1931ರಲ್ಲಿ ಬ್ರಿಟನ್ ಚಿನ್ನದ ಮಾನ ಬಿಟ್ಟಾಗ ಬೆಲೆ ಏರಿತು. ಇಲ್ಲಿ ರಾಗಿ, ಭತ್ತದ ಬೆಲೆ ಬಿದ್ದು ಕಂದಾಯ ಕಟ್ಟೋಕಾಗದ ರೈತರು ಹೆಂಡತಿಯ ಕೊರಳಿನದನ್ನ ಮಾರಿದರು. ಹಡಗು ಹಡಗು ಬಂಗಾರ ವಾಪಸ್ ಹೋಯಿತು. ಹಾಗಾಗಿ ನಿಮ್ಮ ಮನೆಯ ಸರದಲ್ಲಿ ಒಂದು ಕಾಸು ಉಳಿದಿದೆ ಅಂದರೆ ಯಾರೋ ಒಬ್ಬ ಅಜ್ಜಿ ಆ ವರ್ಷಗಳಲ್ಲಿ ಹಟ ಹಿಡಿದು ಕೊಟ್ಟಿಲ್ಲ.

ಬಿಲ್ಲೆಗೆ ವಾಪಸ್ ಬರೋಣ. ಮಾರೋದೇ ಬೇಡ ಅಂತ ನಾನು ಹೇಳಲ್ಲ. ಮೂರು ಜನ ಅಣ್ಣತಮ್ಮಂದಿರಿಗೆ ಒಂದು ಬಿಲ್ಲೆ ಹಂಚೋಕಾಗಲ್ಲ, ಮಗಳ ಫೀಸಿಗೆ ಎಲ್ಲ ಬೆಳ್ಳಿಯೂ ಒಂದೇ. ಆದರೆ ಅಂಗಡಿಗೆ ಹೋಗೋ ಮುಂಚೆ ಅಂಚಿನ ನಾಲ್ಕೂ ಕಡೆಯ ಫೋಟೋ ತೆಗೆಯಿರಿ, ಬೆಳಗಿನ ಓರೆ ಬಿಸಿಲಿನಲ್ಲಿ. ಹುಣಸೇಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಬಿಲ್ಲೆ ಹೊಳೆಯುತ್ತೆ, ಅಕ್ಷರ ಹೋಗುತ್ತೆ. ಪಟ್ಟಿ ಚಿಂದಿಯಾಗಿದ್ದರೂ ಎಸೀಬೇಡಿ. ನಡುವೆ ಕಿತ್ತಳೆ ಬಣ್ಣ, ಅಕ್ಕಪಕ್ಕ ಬಿಳಿ, ಕಪ್ಪು, ನೀಲಿ ಇದ್ದರೆ ವಾರ್ ಮೆಡಲಿನದು. ಕಾಮನಬಿಲ್ಲಿನ ಹಾಗಿದ್ದರೆ ವಿಕ್ಟರಿ ಮೆಡಲಿನದು. ನಂಬರು, ಹುದ್ದೆ, ಹೆಸರು, ಪಡೆ ಬರೆದು, ಅದರ ಕೆಳಗೆ ಮನೆಯಲ್ಲಿ ಆತನನ್ನ ಏನಂತ ಕರೆಯುತ್ತಿದ್ದರು ಅನ್ನೋದನ್ನೂ ಬರೆಯಿರಿ. ಕುದುರೆ ಅಜ್ಜ, ಮಿಸರದ ತಾತ, ಯಾವುದಾದರೂ ಸರಿ. ಅದು ಯಾವ ದಫ್ತರದಲ್ಲೂ ಸಿಗಲ್ಲ.

ಜೆ.ಸಿ. ನಗರದ ದೊಡ್ಡಮ್ಮನ ಬಿಲ್ಲೆಯ ಅಂಚು ಮಕ್ಕಳ ಕೊರಳಲ್ಲಿ ಉಜ್ಜಿ ಉಜ್ಜಿ ಬಹಳ ಸವೆದಿದೆ. ನಂಬರಿನಲ್ಲಿ ಮೂರು ಅಂಕೆ, ಎಸ್‌ಡಬ್ಲ್ಯೂಆರ್, ಆಮೇಲೆ ಹೆಸರಿನ ಮೊದಲ ಎರಡಕ್ಷರ ಓದೋಕಾಗುತ್ತೆ. ಮೊಮ್ಮಗ ಅದನ್ನ ಫೋನಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದ. ಉಳಿದ ಅಕ್ಷರಗಳನ್ನ ದೊಡ್ಡಮ್ಮ ಬಾಯಲ್ಲಿ ಹೇಳಿದರು, ಅವನು ಟೈಪ್ ಮಾಡಿಕೊಂಡ.